ಎಡಕ್ಕೆ ಎರಡು ಬೆರಳು ಜಾಗ

ಆ ಶುಕ್ರವಾರ ಬೆಳಿಗ್ಗೆಯೂ ನಾನು ಎಂದಿನಂತೆ ಆರು ಗಂಟೆಗೆ ಒಲೆ ಹಚ್ಚಿ ಬಾಣಲೆಯಲ್ಲಿ ಕಾಫಿಬೀಜ ಹುರಿಯಲು ಹಾಕಿದೆ. ಹಾಲಿನವಳು ಬಂದು ಹೋದಳು. ನನ್ನ ಯಜಮಾನರು ಸ್ನಾನ ಮುಗಿಸಿ, ಕಿಟಕಿಯ ಬೆಳಕಿಗೆ ನಿಂತು ತಮ್ಮ ಕರಿ ಬೂಟು ಒರೆಸಿದರು. ಒರೆಸಿ ಕೆಳಗಿಟ್ಟವರು ಮತ್ತೆ ಕೈಗೆತ್ತಿಕೊಂಡು ಇನ್ನೊಮ್ಮೆ ಒರೆಸಿದರು. ಹಿತ್ತಲ ಬೇಲಿಯಾಚೆ ಪಕ್ಕದ ಮನೆಯ ಶಿವಮ್ಮನವರು ಪೂಜೆಗೆ ಹೂ ಬಿಡಿಸುತ್ತಿದ್ದರು. ಜವಳಿ ಅಂಗಡಿಯವರ ಮನೆಯಾಕೆ. ಹಣೆತುಂಬ ವಿಭೂತಿ, ಬಾಯಿತುಂಬ ಮಾತು.

“ಏನ್ರೀ ರೈಟರ ಮನೆಯವ್ರೇ, ಬೀಜ ಸೀದ ವಾಸ್ನೆ ಇಲ್ಲಿಗಂಟ ಬಂತಲ್ಲ?” ಅಂದರು.

ತಿರುಗಿ ನೋಡಿದರೆ ಬಾಣಲೆಯಲ್ಲಿ ಬೀಜ ಇದ್ದಿಲಾಗಿ ತಳ ಹಿಡಿದಿತ್ತು. ಮದುವೆಯಾಗಿ ಆರು ವರ್ಷದಲ್ಲಿ ನಾನು ಬೀಜ ಸೀಯಿಸಿದ್ದು ಅದೇ ಮೊದಲು.

ಅಂದು ಕೋರ್ಟಿಗೆ ಹೋಗಿ ನನ್ನ ಹೆಸರು ಹೇಳಿಬಿಡಬೇಕು ಎಂದುಕೊಂಡಿದ್ದೆ. ಹೇಳಿದರೆ, ನಮ್ಮ ಮನೆಯಿಂದ ಎರಡನೇ ಬಾಗಿಲಿನಲ್ಲಿದ್ದ ಒಬ್ಬರು ಜೈಲಿಗೆ ಹೋಗುವುದು ತಪ್ಪುತ್ತಿತ್ತು. ಹೇಳಿದರೆ, ನನ್ನ ಯಜಮಾನರ ಕೆಲಸವೂ ಆ ಕೆಲಸದ ಜೊತೆಗೆ ಬಂದ ಎಸ್ಟೇಟಿನ ಮನೆಯೂ ಹೋಗುತ್ತಿದ್ದವು. ಅವರಿಗೆ ಇದು ಗೊತ್ತಿತ್ತು. “ನಿನ್ನಿಷ್ಟ ಮಾರಾಯ್ತಿ” ಎಂದಷ್ಟೇ ಹೇಳಿ ಬೂಟು ಒರೆಸುತ್ತಿದ್ದರು.

ಎರಡನೇ ಬಾಗಿಲಿನಲ್ಲಿದ್ದವರನ್ನು ಚಿಕ್ಕಮಗಳೂರಿನಲ್ಲಿ ಎಲ್ಲರೂ ‘ಪತ್ರಿಕೆಯವರು’ ಎನ್ನುತ್ತಿದ್ದರು. ನಾಲ್ಕು ಪುಟದ ವಾರಪತ್ರಿಕೆ. ಬರೆಯುವವರು ಅವರೇ, ಅಚ್ಚಿನ ಮೊಳೆ ಜೋಡಿಸುವವರು ಅವರೇ, ಯಂತ್ರ ತುಳಿಯುವವರು ಅವರೇ. ಆಲ್ದೂರಿಗೂ ಬಣಕಲ್ಲಿಗೂ ಹೋಗುವ ಬಸ್ಸಿನ ಡ್ರೈವರ ಕೈಗೆ ಕಟ್ಟು ಕೊಟ್ಟು “ಒದ್ದೆ ಮಾಡ್ಬೇಡ ಮಾರಾಯ” ಎನ್ನುವವರೂ ಅವರೇ. ಅವರು ತೀರಿಕೊಂಡು ವರ್ಷವಾಯಿತು. ನನ್ನ ಯಜಮಾನರೂ ಈಗ ಎಸ್ಟೇಟಿನ ಕೆಲಸ ಬಿಟ್ಟಿದ್ದಾರೆ. ಹಾಗಾಗಿ ಇದನ್ನು ಬರೆಯುವ ಧೈರ್ಯ ಬಂದಿದೆ. ಆದರೆ ಪತ್ರಿಕೆಯವರ ಹೆಸರನ್ನು ಬರೆಯುವುದಿಲ್ಲ. ನನ್ನ ಹೆಸರನ್ನು ಅವರು ಕೊನೆಯವರೆಗೂ ಹೇಳಲಿಲ್ಲ. ಅವರದನ್ನು ನಾನು ಹೇಳದಿರುವುದೇ ಅವರಿಗೆ ಒಪ್ಪುವ ಮರ್ಯಾದೆ.

ನನ್ನ ಯಜಮಾನರು ಬಣಕಲ್ಲಿನ ಮೇಲುಗಡೆ ಒಬ್ಬ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕಾಫಿ ಕೊಯ್ಲು ಮುಗಿದು, ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಗಾಡಿಯಲ್ಲಿ ಚಿಕ್ಕಮಗಳೂರಿಗೆ ಬರುವ ಮೂರು ತಿಂಗಳು, ಅದನ್ನು ಎಣಿಸಿ ಇಳಿಸಿಕೊಳ್ಳಲು ಅವರೂ ಊರಿಗೆ ಬರಬೇಕಿತ್ತು. ಆಗ ನಾವು ಆ ಓಣಿಯಲ್ಲಿ ಬಾಡಿಗೆಗೆ ಇರುತ್ತಿದ್ದೆವು. ನಾನು ಜಗುಲಿಯಲ್ಲಿ ಕೂತು ಇಂಗ್ಲಿಷ್ ಪತ್ರಿಕೆ ಓದುವುದನ್ನು ಪತ್ರಿಕೆಯವರು ನೋಡಿದರು. ಮಾರನೇ ದಿನ ತಮ್ಮ ಮನೆಯವರನ್ನು ಕಳಿಸಿದರು. “ಕಾನ್ವೆಂಟಿನಲ್ಲಿ ಓದಿದ ತಂಗ್ಯಮ್ಮ ನಮ್ಮ ಪ್ರೂಫು ನೋಡ್ತಾರಾ ಅಂತ ಕೇಳ್ತಿದ್ದಾರೆ” ಅಂದರು ಆಕೆ. ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ನಾನು ಅಚ್ಚಿನ ಮನೆಯಲ್ಲಿರುತ್ತಿದ್ದೆ.

ಅವರು ತೆಳ್ಳಗೆ, ಎತ್ತರಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದು, ಅಲ್ಲಿ ಕಿವಿಗೆ ದಾರ ಸುತ್ತಿಕೊಳ್ಳುತ್ತಿದ್ದರು. ಕಾಫಿ ಸೀಮೆಯ ನಡುವೆ ಕೂತು ಜೀರಿಗೆ ಕಷಾಯ ಕುಡಿಯುವ ಮನುಷ್ಯ. ಮೊಳೆ ಹಿಡಿದು ಹಿಡಿದು ಎಡಗೈ ಹೆಬ್ಬೆರಳ ತುದಿ ಚಪ್ಪಟೆಯಾಗಿತ್ತು. ಅಚ್ಚಿನ ಅಕ್ಷರವನ್ನು ತಲೆಕೆಳಗಾಗಿ ಓದಿ ರೂಢಿಯಾಗಿ, ಎದುರು ಕೂತವರ ಮುಂದಿನ ಕಾಗದವನ್ನೂ ಹಾಗೆಯೇ ಸಲೀಸಾಗಿ ಓದಿಬಿಡುತ್ತಿದ್ದರು. ಅದಕ್ಕೇ ಅಮಲ್ದಾರರು ಇವರು ಬಂದರೆಂದರೆ ಮೇಜಿನ ಮೇಲಿನ ಕಾಗದಗಳನ್ನೆಲ್ಲ ಮಗುಚಿ ಹಾಕಿ ಆಮೇಲೆ “ಕೂತ್ಕೊಳ್ಳಿ” ಎನ್ನುತ್ತಿದ್ದರಂತೆ.

ಅವರ ಯಂತ್ರಕ್ಕೆ ಮಸಿ ಹಚ್ಚುವ ರೋಲರನ್ನು ಸರೇಸೆಂಬ ಅಂಟು ಮತ್ತು ಬೆಲ್ಲ ಕಾಯಿಸಿ ಎರಕ ಹೊಯ್ಯುತ್ತಿದ್ದರು. ಬೆಲ್ಲದ ಆಸೆಗೆ ಇರುವೆ ಮುತ್ತುತ್ತಿದ್ದವು. ಅವರ ಮನೆಯವರು ತುಪ್ಪದ ಗಡಿಗೆಗೆ ಮಾಡುವ ಹಾಗೆಯೇ ಅದನ್ನೂ ನೀರು ತುಂಬಿದ ತಟ್ಟೆಯ ನಡುವೆ ನಿಲ್ಲಿಸುತ್ತಿದ್ದರು. “ನಮ್ಮ ಪತ್ರಿಕೆ ಓದೋರಿಗಿಂತ ಮೊದ್ಲು ಇರುವೆಗೆ ರುಚಿಸ್ತದೆ ತಂಗ್ಯಮ್ಮ” ಎನ್ನುವರು ಪತ್ರಿಕೆಯವರು.

ಕೋಪ ಬಹಳ. ಪ್ರೂಫು ತಡವಾದರೆ ನನ್ನ ಮೇಲೂ ರೇಗಿದ್ದಾರೆ. ಆದರೆ ತಪ್ಪು ಒಪ್ಪಿಕೊಳ್ಳುವುದರಲ್ಲಿ ಅವರಂಥವರನ್ನು ನಾನು ಕಂಡಿಲ್ಲ. ಒಮ್ಮೆ ಗೋಣಿಬೀಡಿನ ಕಡೆಯ ಒಬ್ಬ ಪಟೇಲರು ತೀರಿಕೊಂಡರೆಂದು ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಬಿಟ್ಟರು. ತೀರಿಕೊಂಡದ್ದು ಅವರ ಷಡ್ಡಕ. ಪಟೇಲರು ಮಾರನೇ ದಿನವೇ ಬಸ್ಸು ಹತ್ತಿ ಬಂದು, ಕೈಯಲ್ಲಿ ಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತರು. ಇವರು ಒಂದು ಗಳಿಗೆ ನೋಡಿ, ಒಳಗೆ ತಿರುಗಿ, “ತೀರಿಕೊಂಡೋರು ಬಂದಿದ್ದಾರೆ, ಕಷಾಯ ತಗೊಂಡು ಬಾ” ಅಂದರು. ಪಟೇಲರಿಗೆ ನಗು ತಡೆಯಲಾಗಲಿಲ್ಲ. ಮುಂದಿನ ವಾರ ತಿದ್ದುಪಡಿ ಬಂತು, ಅದೇ ಮುಖಪುಟದಲ್ಲಿ, ಅದೇ ದಪ್ಪ ಅಕ್ಷರದಲ್ಲಿ. ಒಳಪುಟದಲ್ಲಿ ಎರಡು ಸಾಲು ಹಾಕಿದರೆ ಸಾಕಿತ್ತಲ್ಲ ಎಂದು ನಾನು ಕೇಳಿದ್ದೆ. “ತಪ್ಪು ಯಾವ ಅಕ್ಷರದಲ್ಲಿ ಆಯ್ತೋ ತಿದ್ದೋದೂ ಅದೇ ಅಕ್ಷರದಲ್ಲಿ. ಇಲ್ದಿದ್ರೆ ಅದು ತಿದ್ದಿದ್ದಲ್ಲ, ಮುಚ್ಚಿದ್ದು” ಅಂದರು.

ಮೊಕದ್ದಮೆಯ ಮೂಲಕ್ಕೆ ಬರುತ್ತೇನೆ. ಎಸ್ಟೇಟಿನಲ್ಲಿದ್ದಾಗ ಕೂಲಿ ಲೈನಿನ ಸಾಲುಮನೆಗಳ ಹೆಂಗಸರಿಗೆ ನಾನು ಊರಿಗೆ ಅಂಚೆ ಕಾರ್ಡು ಬರೆದುಕೊಡುತ್ತಿದ್ದೆ. ಕೊಯ್ಲಿನ ಕಾಲಕ್ಕೆ ಘಟ್ಟದ ಕೆಳಗಿನಿಂದ ಬಂದವರು. ಊರಿನಲ್ಲಿ ತಾಯಿ, ಮಕ್ಕಳನ್ನು ಬಿಟ್ಟು ಬಂದಿರುತ್ತಿದ್ದರು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಕಲಿಸಿದ ಹಾಗೆ ನಾನು ಏನು ಬರೆದರೂ ಎಡಕ್ಕೆ ಎರಡು ಬೆರಳು ಜಾಗ ಬಿಡುತ್ತಿದ್ದೆ. ಓದುವವರ ಹೆಬ್ಬೆರಳಿನಡಿ ಅಕ್ಷರ ಮುಚ್ಚಿಹೋಗಬಾರದು ಎನ್ನುತ್ತಿದ್ದರು ಅವರು. ಅಕ್ಕು ಎಂಬವಳಿಗೆ ಅದನ್ನು ಕಂಡರೆ ಸಂಕಟ.

“ಅಮ್ಮಾ, ಇಷ್ಟು ಜಾಗ ಸುಮ್ಮನೆ ಉಂಟಲ್ಲ. ಅಲ್ಲಿಯೂ ಎಂತಾದರೂ ಬರೆಯಿರಿ. ದನ ಕರು ಹಾಕಿತಾ ಅಂತ ಕೇಳಿ.”

“ಅದು ಓದುವವರ ಹೆಬ್ಬೆರಳಿಗೆ ಕಣೇ.”

“ನನ್ನ ಅಮ್ಮನಿಗೆ ಓದಲಿಕ್ಕೇ ಬರುವುದಿಲ್ಲ. ಅವರಿಗೆಂತಕ್ಕೆ ಹೆಬ್ಬೆರಳು?”

ಅಕ್ಕುವಿನ ತಾಯಿಗೆ ಕಾಯಿಲೆಯಿತ್ತು. ಮೂರು ಕಾರ್ಡು ಬರೆದೆವು. ಒಂದಕ್ಕೂ ಉತ್ತರವಿಲ್ಲ. ಆ ವರ್ಷ ಯಾರಿಗೂ ಉತ್ತರ ಬಂದಿರಲಿಲ್ಲ. ಹೀಗಿರುವಾಗ ಒಂದು ದಿನ ಯಜಮಾನರು ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು ಎಸ್ಟೇಟಿನ ಆಫೀಸಿಗೆ ಹೋದೆ. ದೊರೆ ತೋಟಕ್ಕೆ ಹೋಗಿದ್ದರು, ಅವರ ಕೋಣೆಯ ಬಾಗಿಲು ತೆರೆದಿತ್ತು. ಕಿಟಕಿಯ ಕಟ್ಟೆಯ ಮೇಲೆ ಮುಚ್ಚಳವಿಲ್ಲದ ಬಿಸ್ಕತ್ತಿನ ಡಬ್ಬಿ. ಅದರೊಳಗೆ ದಾರ ಕಟ್ಟಿದ ಕಾರ್ಡುಗಳ ಕಟ್ಟು. ಮೇಲಿನ ಕಾರ್ಡಿನಲ್ಲಿ ಎಡಕ್ಕೆ ಎರಡು ಬೆರಳು ಜಾಗವಿತ್ತು.

ನಾನು ಬರೆದ ಕಾರ್ಡುಗಳು ಎಸ್ಟೇಟಿನ ಗೇಟನ್ನೇ ದಾಟಿರಲಿಲ್ಲ. ಅವುಗಳ ಕೆಳಗೆ ಊರಿನಿಂದ ಬಂದವೂ ಇದ್ದವು. ತಪಾಲು ಚೀಲದ ಬೀಗದ ಕೈ ದೊರೆಯ ಬಳಿ ಇರುತ್ತಿತ್ತು. ಊರಿನ ಸುದ್ದಿ ತಿಳಿದರೆ ಹೆಂಗಸರು ಕೊಯ್ಲಿನ ನಡುವೆ ಎದ್ದು ಹೊರಡುತ್ತಾರೆ. ಆದ್ದರಿಂದ ಕೊಯ್ಲು ಮುಗಿಯುವವರೆಗೆ ಹೋಗುವುದನ್ನೂ ಬರುವುದನ್ನೂ ತಡೆದಿಟ್ಟಿದ್ದರು. ಹದಿನೈದು ದಿನದ ಮೇಲೆ ಅಕ್ಕುವಿನ ಸಂಬಂಧಿಯೊಬ್ಬ ಘಟ್ಟ ಹತ್ತಿ ಬಂದು, ತಾಯಿ ಸತ್ತು ಎರಡು ತಿಂಗಳಾಯಿತೆಂದು ಹೇಳಿದ. ಅವಳು ಅಳಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಬುಟ್ಟಿ ಬಿಚ್ಚಿಟ್ಟು, “ನೀವು ಸರಿಯಾಗಿ ಬರೆದಿದ್ದಿರಲ್ಲ ಅಮ್ಮಾ?” ಎಂದು ಮಾತ್ರ ಕೇಳಿದಳು.

ಅಂದು ಸಂಜೆ ನಾನು ಇನ್ನೊಂದು ಕಾಗದ ಬರೆದೆ, ಪತ್ರಿಕೆಯವರಿಗೆ. ಕಂಡದ್ದನ್ನು ಕಂಡ ಹಾಗೆ ಬರೆದು, ಸಹಿ ಹಾಕದೆ, ಬಣಕಲ್ಲಿಗೆ ನಡೆದು ಹೋಗಿ ಅಂಚೆ ಡಬ್ಬಿಗೆ ಹಾಕಿದೆ. ಬಂದು ಯಜಮಾನರಿಗೆ ಹೇಳಿದೆ. ಅವರು ತಟ್ಟೆಯನ್ನು ನನ್ನ ಕಡೆ ಸರಿಸಿ, “ಬರ್ದಾಯ್ತಲ್ಲ. ಊಟ ಮಾಡು” ಅಂದರು. ಹತ್ತು ದಿನದ ಮೇಲೆ ಪತ್ರಿಕೆಯಲ್ಲಿ ಅದು ಅಚ್ಚಾಯಿತು, ಎಸ್ಟೇಟಿನ ಹೆಸರಿನ ಸಮೇತ.

ದೊರೆ ಮಾನನಷ್ಟದ ಮೊಕದ್ದಮೆ ಹೂಡಿದರು. ಅವರ ವಕೀಲರು ಕೇಳಿದ್ದು ಇಷ್ಟು: ಕಾಗದ ಬರೆದವರನ್ನು ಕೋರ್ಟಿಗೆ ಕರೆತನ್ನಿ, ಇಲ್ಲವೇ ಕ್ಷಮೆ ಕೇಳಿ ಅಚ್ಚು ಹಾಕಿ. ಬಿಸ್ಕತ್ತಿನ ಡಬ್ಬಿ ಆ ಹೊತ್ತಿಗೆ ಎಲ್ಲಿ ಹೋಯಿತೋ ದೇವರೇ ಬಲ್ಲ. ಸಾಕ್ಷಿಗೆ ಬಂದವಳು ಅಕ್ಕು ಒಬ್ಬಳೇ. ಸಾಕ್ಷಿ ಹೇಳಿ ನೇರ ನಮ್ಮ ಮನೆಗೆ ಬಂದು ಮಜ್ಜಿಗೆ ಕುಡಿಯುತ್ತ ಅವಳೇ ವರದಿ ಒಪ್ಪಿಸಿದಳು.

“ಆ ವಕೀಲರು ಕೇಳಿದರು, ಓದಲಿಕ್ಕೆ ಬಾರದ ನಿನಗೆ ಕಾಗದ ಬರಲಿಲ್ಲ ಅಂತ ಹೇಗೆ ಗೊತ್ತು ಅಂತ. ನಾನು ಹೇಳಿದೆ, ಓದಲಿಕ್ಕೆ ಬಾರದಿದ್ದರೆ ಕೈ ಖಾಲಿ ಉಂಟಾ ಅಂತ ಗೊತ್ತಾಗುವುದಿಲ್ಲವಾ ಸ್ವಾಮಿ?”

“ಮತ್ತೇನು ಕೇಳಿದ್ರು?”

“ಕಾರ್ಡು ಬರೆದುಕೊಟ್ಟದ್ದು ಯಾರು ಅಂತ.” ಅವಳು ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡಳು. “ಸಂತೆಯಲ್ಲಿ ಒಬ್ಬ ಮುದುಕ ಅಂದೆ. ಹೇಗಿದ್ದ ಅಂತ ಕೇಳಿದರು. ಗಡ್ಡ ಉಂಟು ಅಂದೆ.”

ನನ್ನ ಹೆಸರು ಬಚ್ಚಿಡಲು ಇಷ್ಟೆಲ್ಲ ಜನ ಪಾಡುಪಡುತ್ತಿದ್ದರು. ಅದಕ್ಕೇ ತೀರ್ಪಿನ ಆ ಶುಕ್ರವಾರ ನಾನು ಒಳ್ಳೆಯ ಸೀರೆ ಉಟ್ಟು, ಒಂಬತ್ತು ಗಂಟೆಗೆ ಅಚ್ಚಿನ ಮನೆಯ ಮೆಟ್ಟಿಲು ಹತ್ತಿದ್ದು. ಪತ್ರಿಕೆಯವರು ಆಗಲೇ ಮುಚ್ಚುಕೋಟು ತೊಟ್ಟು, ರುಮಾಲು ಸುತ್ತಿ, ಕೋರ್ಟಿಗೆ ಸಿದ್ಧರಾಗಿ ನಿಂತೇ ಮೊಳೆ ಜೋಡಿಸುತ್ತಿದ್ದರು.

“ನಾನೂ ಬರ್ತೀನಿ ಕೋರ್ಟಿಗೆ. ಬರ್ದದ್ದು ನಾನೇ ಅಂತ ಹೇಳ್ತೀನಿ” ಅಂದೆ.

ಅವರು ತಲೆ ಎತ್ತಲಿಲ್ಲ. “ಏನು ಬರ್ದದ್ದು?”

“ನಿಮಗೆ ಗೊತ್ತಿದೆ.”

“ನಂಗೊತ್ತಿರೋದು ಇಷ್ಟೇ. ಒಂದು ಕಾಗದ ಬಂತು. ಎಡಕ್ಕೆ ಎರಡು ಬೆರಳು ಜಾಗ ಬಿಟ್ಟಿತ್ತು. ಬಣಕಲ್ಲಿಗೆ ಹೋಗಿ ನಾಲ್ಕು ಜನ ಹೆಂಗಸ್ರನ್ನ ಕೇಳ್ದೆ, ಬರ್ದದ್ದು ನಿಜ ಇತ್ತು. ನಾನೇ ಮೊಳೆ ಜೋಡಿಸ್ದೆ. ಕಾಗದಾನ ಸರೇಸು ಕಾಯಿಸೋ ಒಲೆಗೆ ಹಾಕ್ದೆ. ಮೊಳೆಗೆ ಯಾರ ಕೈಬರಹವೂ ಇರಲ್ಲ ತಂಗ್ಯಮ್ಮ. ಅಚ್ಚಾದ ಮೇಲೆ ಅದು ನನ್ನ ಮಾತು.”

“ಆದ್ರೆ ಜೈಲಿಗೆ ಹೋಗೋರು ನೀವು.”

ಈಗ ಅವರು ಮೊಳೆಯ ಪಟ್ಟಿ ಕೆಳಗಿಟ್ಟು ನನ್ನನ್ನು ನೋಡಿದರು. “ನೀವು ನಿಂತು ಹೇಳಿದ್ರೆ ನಾನು ಉಳ್ಕೊಳ್ತೀನಿ, ಸರಿ. ನಾಳೆಯಿಂದ ಈ ಬಾಗಿಲಿಗೆ ಇನ್ನೊಂದು ಕಾಗದ ಬರ್ತದಾ? ಬರೆಯೋಕೆ ಕೂತವ್ರು, ಆ ರೈಟರ ಹೆಂಡ್ತಿಗೆ ಏನಾಯ್ತು ನೋಡಿದ್ವಲ್ಲ ಅಂತ ಮಡಚಿ ಇಟ್ಬಿಡ್ತಾರೆ. ಆಮೇಲೆ ನಾನು ಹೊರಗಿದ್ದು ಏನು ಅಚ್ಚು ಹಾಕ್ಲಿ? ತೋಟದ ಹರಾಜಿನ ಜಾಹೀರಾತಾ?”

ಅವರ ಮನೆಯವರು ಒಳಬಾಗಿಲಲ್ಲಿ ನಿಂತಿದ್ದರು. ಆ ತಾಯಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆಕೆಯೇ ಹೇಳಿದರು: “ನೀನು ಹೋಗಿ ಹೇಳಿದ್ರೆ ಸಾಕಪ್ಪ ಅಂತ ನಂಗೂ ಒಂದಿನ ಅನ್ನಿಸ್ತು ತಂಗಿ, ಸುಳ್ಳು ಯಾಕೆ ಹೇಳ್ಲಿ. ಹಾಗಂದದ್ದಕ್ಕೆ ಅವತ್ತು ಇವ್ರು ಊಟಾನೇ ಮಾಡ್ಲಿಲ್ಲ. ಇನ್ನು ಆ ಮಾತು ಬೇಡ. ಕಷಾಯ ಕುಡಿ.”

ಪತ್ರಿಕೆಯವರು ಪುಟ ಕೂಡಿಸುವ ಕಲ್ಲಿನ ಮೇಲಿದ್ದ ಎರಡು ಪುಟ್ಟ ಮೊಳೆಗಟ್ಟುಗಳನ್ನು ತೋರಿಸಿದರು. ಎರಡಕ್ಕೂ ದಾರ ಸುತ್ತಿತ್ತು.

“ಬಲಗಡೆದು ಬಿಡುಗಡೆ. ಎಡಗಡೆದು ಸಜೆ. ಯಾವುದು ಬರ್ತದೋ ಅದನ್ನ ಮುಖಪುಟಕ್ಕೆ ಕೂರ್ಸಿ. ಇವಳಿಗೆ ಯಂತ್ರ ತಿಳೀತದೆ, ಮೊಳೆ ತಿಳಿಯಲ್ಲ. ಸಜೆ ಆದ್ರೆ ಎಷ್ಟು ತಿಂಗ್ಳು ಅನ್ನೋ ಜಾಗ ಖಾಲಿ ಇದೆ, ಅದನ್ನ ನೀವು ತುಂಬ್ಸಿ. ಸಂಜೆ ಬಸ್ಸು ತಪ್ಪಬಾರ್ದು.” ಮೆಟ್ಟಿಲಿಳಿದವರು ತಿರುಗಿ, “ರೋಲರಿಗೆ ಇರುವೆ ಹತ್ತಿದ್ರೆ ನೋಡ್ಕೊಳ್ಳಿ” ಅಂದು ಹೋದರು.

ಮಧ್ಯಾಹ್ನ ಮೂರರ ಸುಮಾರಿಗೆ ಸುದ್ದಿ ತಂದವರು ನನ್ನ ಯಜಮಾನರು. ಗೋದಾಮಿನಿಂದ ಹೇಳದೆ ಕೇಳದೆ ಎದ್ದು ಹೋಗಿ, ಕೋರ್ಟಿನ ಜಗುಲಿಯ ಕಿಟಕಿಯಲ್ಲಿ ನಿಂತಿದ್ದರಂತೆ. ಎಸ್ಟೇಟಿನ ವಕೀಲರು ಇವರನ್ನು ಕಂಡಿದ್ದರೂ ಕಂಡಿರಬಹುದು.

“ಒಂದು ತಿಂಗಳು ಸಾದಾ ಸಜೆ” ಅಂದರು. “ಮ್ಯಾಜಿಸ್ಟ್ರೇಟ್ರು ಒಳ್ಳೇವ್ರು, ಕ್ಷಮೆ ಕೇಳ್ಬಿಡಿ ಅಂತ ಮೂರು ಸಲ ಅಂದ್ರು. ಇವ್ರೇನಂದ್ರು ಗೊತ್ತಾ? ತಪ್ಪು ನಂದಾಗಿದ್ರೆ ಅದೇ ಅಕ್ಷರದಲ್ಲಿ ತಿದ್ದಿ ಹಾಕ್ತಿದ್ದೆ ಮಹಾಸ್ವಾಮಿ, ಬೇಕಾದ್ರೆ ಗೋಣಿಬೀಡಿನ ಪಟೇಲ್ರನ್ನ ಕೇಳಿ ಅಂದ್ರು. ಕೋರ್ಟಲ್ಲಿದ್ದೋರೆಲ್ಲ ನಕ್ರು. ಮ್ಯಾಜಿಸ್ಟ್ರೇಟ್ರೂ ಮುಖ ಆ ಕಡೆ ಮಾಡಿದ್ರು.”

ಪತ್ರಿಕೆಯವರ ಮನೆಯವರು ಸೆರಗಿನಿಂದ ಒಮ್ಮೆ ಮುಖ ಒತ್ತಿಕೊಂಡು, ಎಡಗಡೆಯ ಕಟ್ಟಿನ ದಾರ ಬಿಚ್ಚಿದರು. ನಾನು ಮೊಳೆಯ ಖಾನೆಗಳಲ್ಲಿ ಹುಡುಕಿ ಹುಡುಕಿ, ‘ಒಂದು ತಿಂಗಳ’ ಎಂದು ಕೂಡಿಸಿದೆ. ನಾನು ಬರೆದ ಕಾಗದಕ್ಕೆ ಬೇರೆಯವರಿಗಾದ ಶಿಕ್ಷೆಯನ್ನು ನನ್ನ ಕೈಯಾರೆ ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸಿದೆ. ಯಂತ್ರಕ್ಕೆ ಹಾಳೆ ಕೊಡಲು ಅವರ ಮನೆಯವರಿದ್ದರು, ತುಳಿಯುವವರಿಲ್ಲ. ನನ್ನ ಯಜಮಾನರು ಬಾಗಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡಿದರು. ಆಮೇಲೆ ಕೂತು, ಬೆಳಿಗ್ಗೆ ಎರಡು ಸಲ ಒರೆಸಿದ್ದ ಬೂಟು ಬಿಚ್ಚಿ ಗೋಡೆಯ ಬದಿಗಿಟ್ಟು, ಬರಿಗಾಲಲ್ಲಿ ಯಂತ್ರದ ಹಲಗೆಯ ಮೇಲೆ ಕಾಲಿಟ್ಟರು.

ಮುಖಪುಟದಲ್ಲಿ ಅಚ್ಚಾದದ್ದು ಇಷ್ಟೇ: ‘ಈ ಪತ್ರಿಕೆಯ ಸಂಪಾದಕನಿಗೆ ಈ ದಿನ ಒಂದು ತಿಂಗಳ ಸಜೆಯಾಯಿತು. ಕಾಗದ ಬರೆದವರು ಯಾರೆಂದು ಕೋರ್ಟು ಕೇಳಿತು. ಹೇಳಲಿಲ್ಲ. ಇನ್ನು ಮುಂದೆಯೂ ಕಾಗದಗಳು ಬರಲಿ.’

ಅರ್ಧ ಕಟ್ಟು ಅಚ್ಚಾಗುವ ಹೊತ್ತಿಗೆ ಪತ್ರಿಕೆಯವರನ್ನು ಪೊಲೀಸಿನವನೊಬ್ಬ ಅದೇ ಓಣಿಯಲ್ಲಿ ಕರೆದುಕೊಂಡು ಬಂದ. ಜೈಲಿಗೆ ಅದು ಹತ್ತಿರದ ದಾರಿಯಲ್ಲ, ಇವರೇ ಕೇಳಿಕೊಂಡಿರಬೇಕು. ಒಳಗೆ ಬರಲಿಲ್ಲ. ಯಂತ್ರ ತುಳಿಯುತ್ತಿದ್ದವರು ಯಾರೆಂದು ನೋಡಿದರು, ಬರಿಗಾಲನ್ನೂ ನೋಡಿದರು. ನಾನು ಒಣಗಲು ಹರವುತ್ತಿದ್ದ ಹಾಳೆ ಅವರಿಗೆ ತಲೆಕೆಳಗಾಗಿತ್ತು. ರಸ್ತೆಯಲ್ಲಿ ನಿಂತೇ ಓದಿದರು.

“ಮೊದಲ್ನೇ ಸಾಲಲ್ಲಿ ಒಂದು ಮೊಳೆ ಬುಡಮೇಲಾಗಿದೆ ತಂಗ್ಯಮ್ಮ.”

ನೋಡಿದರೆ ನಾನು ಕೂಡಿಸಿದ ಜಾಗವೇ. ಯಂತ್ರ ನಿಲ್ಲಿಸಲು ಹೋದೆ.

“ಬೇಡ, ಬಿಡಿ. ಬಸ್ಸು ಹೊರಡ್ತದೆ. ಹೊಸಬರು ಕೂಡಿಸಿದ್ದು ಅಂತ ನನ್ನೊಬ್ನಿಗೆ ಗೊತ್ತಾದ್ರೆ ಸಾಕು.” ಮನೆಯವರ ಕಡೆ ತಿರುಗಿ, “ಕನ್ನಡಕಕ್ಕೆ ದಾರ ಕೊಡು, ಅಲ್ಲಿ ಸಿಗುತ್ತೋ ಇಲ್ವೋ” ಅಂದರು. ಆಕೆ ಮೊಳೆಗಟ್ಟಿನಿಂದ ಬಿಚ್ಚಿದ ದಾರವನ್ನೇ ಕೊಟ್ಟರು. ಪೊಲೀಸಿನವನು ಅಷ್ಟು ಹೊತ್ತು ತಾಳ್ಮೆಯಿಂದ ನಿಂತಿದ್ದವನು, ಹೊರಡುವಾಗ ಸಂಕೋಚದಿಂದ ಕೈ ಚಾಚಿದ. “ನಂಗೊಂದು ಕೊಡಿ ಅಮ್ಮ. ಜೈಲಿನ ಸಾಹೇಬ್ರೂ ಕೇಳ್ತಾರೆ.”

ಆ ತಿಂಗಳ ಉಳಿದ ಶುಕ್ರವಾರಗಳಲ್ಲೂ ಪತ್ರಿಕೆ ಬಂತು. ಕಾಗದಗಳೂ ಬಂದವು; ಕಳಸದ ಕಡೆಯಿಂದ, ಮೂಡಿಗೆರೆಯ ಕಡೆಯಿಂದ, ಹೆಸರಿಲ್ಲದವು, ಕೆಲವು ಪೆನ್ಸಿಲಿನಲ್ಲಿ ಬರೆದವು. ಪತ್ರಿಕೆಯವರು ಹೊರಬಂದ ದಿನ ಅವರ ಮನೆಯವರು ಅಕ್ಕಿಯ ಡಬ್ಬದಿಂದ ಆ ಕಾಗದಗಳ ಕಟ್ಟನ್ನು ತೆಗೆದು ಮುಂದಿಟ್ಟಾಗ, ಕನ್ನಡಕ ಸರಿಮಾಡಿಕೊಂಡು ಕಷಾಯವನ್ನೂ ಮುಟ್ಟದೆ ಓದಲು ಕೂತರು. ಅವರು ಕೂತಿದ್ದ ಆ ಭಂಗಿ ಇವತ್ತಿಗೂ ನನಗೆ ಹೆಮ್ಮೆ. ಮುಂದಿನ ವರ್ಷದ ಕೊಯ್ಲಿನ ಕಾಲಕ್ಕೆ ಎಸ್ಟೇಟಿನಲ್ಲಿ ತಪಾಲು ಚೀಲವನ್ನು ಹಾಜರಿ ಕರೆಯುವ ಹೊತ್ತಿಗೆ ಎಲ್ಲರ ಎದುರೇ ಬಿಚ್ಚುತ್ತಿದ್ದರು. ಯಾಕೆಂದು ಯಾರೂ ಹೇಳಲಿಲ್ಲ. ಅಕ್ಕುವಿಗೆ ಕಾರ್ಡು ಬರೆಯಲು ತಾಯಿ ಇರಲಿಲ್ಲ. ಆದರೂ ಅವಳು ದಿನವೂ ಬಂದು, ಚೀಲ ಪೂರ್ತಿ ಖಾಲಿಯಾಗುವವರೆಗೆ ನಿಂತು ನೋಡುತ್ತಿದ್ದಳು.

ತೀರ್ಪಿನ ಆ ಶುಕ್ರವಾರ ಬಸ್ಸಿಗೆ ಕಟ್ಟು ಕೊಟ್ಟು ನಾವು ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಪತ್ರಿಕೆಯವರ ಮನೆಯವರು “ಈ ಮಸಿ ನೀರಿಗೆ ಹೋಗಲ್ಲ ತಂಗಿ, ಸೀಮೆಎಣ್ಣೆ ಹಚ್ಚಿ ಹೋಗು” ಅಂದಿದ್ದರು. ಇರಲಿ, ಆಮೇಲೆ ಎಂದು ಬಂದುಬಿಟ್ಟಿದ್ದೆ. ಒಲೆಯ ಮುಂದೆ ಕೂತಾಗ ಹಿತ್ತಲ ಬಾಗಿಲಲ್ಲಿ ಶಿವಮ್ಮನವರು ಬಟ್ಟಲು ಹಿಡಿದು ಬಂದರು, ಹೆಪ್ಪಿಗೆ ಒಂದು ಚೂರು ಮೊಸರು ಬೇಕಿತ್ತು.

“ಪತ್ರಿಕೆಯವ್ರು ಒಳಗೆ ಹೋದ್ರೂ ಪತ್ರಿಕೆ ಬಂತಲ್ರೀ” ಅಂದರು. “ಅದ್ಯಾರು ಕೂಡಿಸಿದ್ರೋ, ಒಂದಕ್ಷರ ಉಲ್ಟಾ ಹಾಕಿದ್ದಾರಂತೆ, ನಮ್ಮನೆಯವ್ರು ನಗ್ತಿದ್ರು.” ಮೊಸರು ಕೊಡಲು ನಾನು ಕೈ ಚಾಚಿದೆ. ಅವರು ಮಸಿ ಮೆತ್ತಿದ ನನ್ನ ಬೆರಳು ನೋಡಿದರು, ಒಲೆಯ ಬದಿಯಲ್ಲಿ ಬೆಳಿಗ್ಗೆಯಿಂದ ತಿಕ್ಕದೆ ಬಿದ್ದಿದ್ದ ಒಣ ಬಾಣಲೆ ನೋಡಿದರು.

“ಅಯ್ಯೋ, ಸೀದ ಬಾಣಲೆ ಇನ್ನೂ ತಿಕ್ತಾ ಇದ್ದೀರಾ? ಬೂದಿ, ಹುಣಸೆಹುಳಿ ಹಚ್ಚಿ ನೆನೆಸಿಡ್ರೀ. ನಾಳೆ ಬೆಳಿಗ್ಗೆ ಆ ಮಸಿ ಇತ್ತಾ ಅಂತ ನಿಮಗೇ ನೆನಪಿರಲ್ಲ.”